ಮೆಟ್ಟಿಲುಗದ್ದೆಯ ಊರಿನಲ್ಲಿ ಚಿಕ್ಕಮ್ಮ

ಆಗಿನ್ನೂ ವಿಜಯನಗರಕ್ಕೆ ಮೆಟ್ರೊ ಬಂದಿರಲಿಲ್ಲ. ಬೇಸಿಗೆ ರಜೆ ಎಂದರೆ ನಮ್ಮ ಬೀದಿಯ ಮಕ್ಕಳಿಗೆ ಅಜ್ಜಿಮನೆ, ಕುಂಟೆಬಿಲ್ಲೆ, ಉಪ್ಪುಖಾರ ಹಚ್ಚಿದ ಮಾವಿನಕಾಯಿ. ನನಗೆ ಮಾತ್ರ ಆ ವರ್ಷ ವಿಮಾನ ಹತ್ತುವ ಯೋಗ. ಅದಕ್ಕೆ ಕಾರಣ ನಮ್ಮ ಚಿಕ್ಕಮ್ಮ, ಅಮ್ಮನ ಬೆನ್ನಿಗೆ ಹುಟ್ಟಿದ ತಂಗಿ ನಳಿನಿ. ಅಮ್ಮ ತೀರಿಕೊಂಡಾಗ ನಾನಿನ್ನೂ ಎಲ್‌ಕೆಜಿ. ಕಾರ್ಯವೆಲ್ಲ ಮುಗಿದ ಮೇಲೆ ಬ್ಯಾಡರಹಳ್ಳಿಯ ಮನೆಗೆ ವಾಪಸು ಹೋಗಬೇಕಾದವಳು, ಇವಳಿಗೆ ತಲೆ ಬಾಚೋರು ಯಾರು ಎಂದುಕೊಂಡು ಎರಡು ದಿನ ನಿಂತಳು, ಹಾಗೇ ಉಳಿದೇಬಿಟ್ಟಳು.

ಮಾರೇನಹಳ್ಳಿಯ ಪುಟ್ಟ ಟ್ರಾವೆಲ್ಸ್ ಆಫೀಸೊಂದರಲ್ಲಿ ಅವಳಿಗೆ ಕೆಲಸ. ಪ್ರವಾಸದ ಗುಂಪೊಂದನ್ನು ಫಿಲಿಪ್ಪೀನ್ಸಿಗೆ ಕರೆದೊಯ್ಯುವ ಸರದಿ ಬಂದಾಗ ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗುತ್ತೇನೆ ಎಂದಳು. ಮಾರ್ಕೆಟ್ಟಿಗೆ ಒಬ್ಬಳನ್ನೇ ಬಿಡದ ಅಪ್ಪ ಸಮುದ್ರ ದಾಟಲು ಸುಲಭವಾಗಿ ಹೂಂ ಅಂದದ್ದು ನನಗೆ ವಿಚಿತ್ರವಾಗಿ ಕಾಣಲೇ ಇಲ್ಲ.

ಹೊರಡುವ ದಿನ ಮಹಡಿ ಮನೆಯ ಲಲಿತಾ ಆಂಟಿ ನನ್ನ ಕೆನ್ನೆ ಸವರಿ, "ಇನ್ಮೇಲೆ ನಿಂಗೆ ಚಿಕ್ಕಮ್ಮನೇ ಅಮ್ಮ ಕಣೇ. ಹೇಳಿದ್ ಮಾತು ಕೇಳ್ಕೊಂಡಿರು" ಎಂದರು. ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. ವಿಮಾನದಲ್ಲಿ ಚಿಕ್ಕಮ್ಮನ ತೋಳು ಬಿಡದೆ ಕೂತಿದ್ದೆ, ಗುಟ್ಟನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೆ.

ಮನಿಲಾದಿಂದ ರಾತ್ರಿಯಿಡೀ ಬಸ್ಸು. ಬೆಳಿಗ್ಗೆ ಇಳಿದದ್ದು ಬನಾವೆ ಎಂಬ ಬೆಟ್ಟದ ಊರಿನಲ್ಲಿ. ಚಳಿ, ಸೌದೆ ಹೊಗೆಯ ವಾಸನೆ, ಹಸಿ ಕೆಸರಿನ ವಾಸನೆ. ಎದುರಿಗೆ ಬೆಟ್ಟದ ಬುಡದಿಂದ ನೆತ್ತಿಯವರೆಗೂ ಭತ್ತದ ಗದ್ದೆ, ಒಂದರ ಮೇಲೊಂದು. ದೋಸೆ ಹಿಟ್ಟಿನಲ್ಲಿ ಸೌಟು ತಿರುಗಿಸಿದ ಗೆರೆಗಳಂತೆ ಬದುಗಳು ಬೆಟ್ಟವನ್ನು ಸುತ್ತಿದ್ದವು. ಸಾವಿರಾರು ವರ್ಷದ ಹಿಂದೆ ಇಲ್ಲಿನವರ ಹಿರಿಯರು ಕೈಯಲ್ಲೇ ಕಡಿದು ಕಟ್ಟಿದ್ದೆಂದು ಚಿಕ್ಕಮ್ಮ ಗುಂಪಿಗೆ ವಿವರಿಸುತ್ತಿದ್ದಳು. ಗುಂಪಿನವರಿಗೆ ಒಳ್ಳೆಯ ಕಾಫಿ ಎಲ್ಲಿ ಸಿಗುತ್ತದೆ ಎಂಬುದೇ ಚಿಂತೆ.

ಮಧ್ಯಾಹ್ನ ಆ ಗದ್ದೆಗಳದ್ದೇ ಕೆಂಪಕ್ಕಿ ಅನ್ನ, ಗುಂಡು ಗುಂಡಾಗಿ, ಘಮ್ಮೆಂದಿತ್ತು. ಚಿಕ್ಕಮ್ಮ ಅದಕ್ಕೆ ಮನೆಯಿಂದ ತಂದ ಚಟ್ನಿಪುಡಿ, ಎಣ್ಣೆ ಕಲಸಿ ನನಗೆ ತುತ್ತು ಕೊಟ್ಟಳು. ಆಮೇಲೆ ಗುಂಪು ಅಂಗಡಿ ಬೀದಿಗೆ ಹೋಯಿತು, ನಾವಿಬ್ಬರೇ ಗದ್ದೆಗಿಳಿದೆವು. ಕಲ್ಲಿನ ಬದುವಿನ ಮೇಲೆ ಒಬ್ಬರು ನಡೆಯುವಷ್ಟೇ ಜಾಗ. ಒಂದು ಕಡೆ ಮೊಣಕಾಲುದ್ದದ ಪೈರು, ಇನ್ನೊಂದು ಕಡೆ ಕೆಳಗಿನ ಗದ್ದೆಗೆ ಆಳ. ಅವಳು ಮುಂದೆ, ಅವಳ ದುಪಟ್ಟಾದ ತುದಿ ಹಿಡಿದು ನಾನು ಹಿಂದೆ. ಅಲ್ಲಿ ನನಗೆ ಗುಟ್ಟು ತಡೆಯಲಾಗಲಿಲ್ಲ.

"ಲಲಿತಾ ಆಂಟಿ ಹೇಳಿದ್ರು. ಇನ್ಮೇಲೆ ನೀನೇ ನಂಗೆ ಅಮ್ಮ ಅಂತೆ."

ಅವಳು ನಿಂತಳು. ತಿರುಗಲು ಅಲ್ಲಿ ಜಾಗವಿರಲಿಲ್ಲ. ಮುಖ ತೋರಿಸದೆಯೇ ಮಾತಾಡಿದಳು.

"ಅದು ನಾನಲ್ಲ ಪುಟ್ಟೀ. ನಿಮ್ಮಪ್ಪ ಮದ್ವೆ ಆಗ್ತಿದಾರೆ. ಆ ಬರೋರ್ನೂ ಚಿಕ್ಕಮ್ಮ ಅಂತಾನೇ ಕರೀಬೇಕು."

"ಮತ್ತೆ ನೀನು?"

ಕೆಳಗಿನ ಗದ್ದೆಗೆ ನೀರು ಬೀಳುವ ಸದ್ದು ಕೇಳುತ್ತಿತ್ತು. "ನಾನು ಬ್ಯಾಡರಹಳ್ಳಿಗೆ ಹೋಗ್ತೀನಿ ಕಣೇ" ಎಂದಳು.

ನಾನು ಅಳಲು ಶುರು ಮಾಡಿದೆ. ಅವಳು ಕೈ ಹಿಂದಕ್ಕೆ ಚಾಚಿದಳು. ಅದನ್ನು ಹಿಡಿದುಕೊಂಡು ಬದು ಮುಗಿಯುವವರೆಗೂ ನಡೆದೆ. ಅಗಲ ಜಾಗ ಸಿಕ್ಕಿ ತಿರುಗುವ ಹೊತ್ತಿಗೆ ಅವಳು ಮುಖ ಒರೆಸಿಕೊಂಡಾಗಿತ್ತು.

ಊರಿಗೆ ಬಂದರೆ ಬಾಗಿಲಲ್ಲಿ ಬಾಡಿದ ಮಾವಿನ ತೋರಣ. ನಾವಿಲ್ಲದಾಗ ದೇವಸ್ಥಾನದಲ್ಲಿ ಮದುವೆ ಮುಗಿದಿತ್ತು. ಅಪ್ಪನ ಕೈ ಹಿಡಿದು ಬಂದವರು ಒಳ್ಳೆಯವರು, ನನ್ನನ್ನು ಒಂದು ದಿನವೂ ಗದರಲಿಲ್ಲ. ಆದರೆ ಒಂದೇ ಬಾಯಲ್ಲಿ ಇಬ್ಬರು ಚಿಕ್ಕಮ್ಮಂದಿರು ಗೊಂದಲವೆಂದು ಹಿರಿಯರು ತೀರ್ಮಾನಿಸಿದರು: ಮನೆಗೆ ಬಂದವರು ಚಿಕ್ಕಮ್ಮ, ಬ್ಯಾಡರಹಳ್ಳಿಯವಳು ನಳಿನಿ ಆಂಟಿ. ಮೊದಲ ಸಲ ಹಾಗೆ ಕರೆದಾಗ ಅವಳು ಏನೂ ಆಗಿಲ್ಲವೆಂಬಂತೆ ಓಗೊಟ್ಟಳು. ಅದು ನನಗೆ ಈಗಲೂ ಸಹಿಸಲಾಗುವುದಿಲ್ಲ.

ದೊಡ್ಡವಳಾದ ಮೇಲೆ ಅಜ್ಜಿ ಹೇಳಿದರು. ಅಕ್ಕನ ಜಾಗಕ್ಕೆ ಬರುತ್ತೀಯಾ ಎಂದು ಮೊದಲು ಕೇಳಿದ್ದು ಅವಳನ್ನೇ ಅಂತೆ. ಅವಳು ಒಪ್ಪಿದ್ದಳು. ತಂಗಿಯ ಹಾಗೆ ನೋಡಿದವಳನ್ನು ಹೇಗೆ ಕಟ್ಟಿಕೊಳ್ಳಲಿ ಎಂದು ಅಪ್ಪನೇ ಒಪ್ಪಲಿಲ್ಲ. ಮದುವೆ ಮುಗಿಯುವವರೆಗೂ ಮಗುವನ್ನು ದೂರ ಕರೆದೊಯ್ಯುವ ಯೋಚನೆಯೂ ಅವಳದೇ. ಆಮೇಲೆ ಅವಳಿಗೂ ತುಮಕೂರಿನ ಕಡೆ ಮದುವೆಯಾಯಿತು. ನಮ್ಮ ನಡುವೆ ಯುಗಾದಿಗೊಂದು, ದೀಪಾವಳಿಗೊಂದು ಫೋನು ಉಳಿಯಿತು.

ಹೋದ ವರ್ಷ ಅವಳು ತೀರಿಕೊಂಡಳು. ಬನಾವೆಯ ಗದ್ದೆಗಳು ಹಾಗೇ ಇವೆಯಂತೆ, ನಮ್ಮ ಬೀದಿಯವರೇ ಹೋಗಿ ಫೋಟೊ ಕಳಿಸುತ್ತಾರೆ. ನಾನು ತೆರೆದು ನೋಡುವುದಿಲ್ಲ.

ಅವಳು ತೀರಿಕೊಂಡ ದಿನ ತುಮಕೂರಿನ ಅವಳ ಮನೆಯಲ್ಲಿ ನನ್ನನ್ನು ಯಾರೂ ಗುರುತಿಸಲಿಲ್ಲ. ಅವಳ ಕಾಲ ಬಳಿ ಕೂತಿದ್ದ ಹೆಂಗಸೊಬ್ಬರು ಜಾಗ ಬಿಟ್ಟುಕೊಟ್ಟು ಮೆಲ್ಲಗೆ ಕೇಳಿದರು, "ಇವ್ರು ನಿಮಗೆ ಏನಾಗ್ಬೇಕು?"

"ಚಿಕ್ಕಮ್ಮ" ಎಂದೆ. ಅಷ್ಟು ವರ್ಷಗಳ ಮೇಲೆ ಅವಳಿಗೆ ಕೇಳಿಸುವಷ್ಟು ಹತ್ತಿರದಲ್ಲಿ ಕೂತು ಹೇಳಿದೆ, ಅವಳಿಗೆ ಕೇಳಿಸಲಿಲ್ಲ.