ಅಫ್ರಕೋಮಾ ಆರಿಸಿದ ಹಳಿ

ಕುಮಾಸಿಯ ಸುಆಮೆ ಮ್ಯಾಗಜೀನೆಂಬ ರಿಪೇರಿ ಶೆಡ್ಡುಗಳ ಪೇಟೆಯಲ್ಲಿ ಅಫ್ರಕೋಮಾಳ ನಗು ಕೇಳದವನು ಕಿವುಡನೇ ಇರಬೇಕು. ಅಷ್ಟೊಂದು ಸುತ್ತಿಗೆಗಳ ಸದ್ದನ್ನೂ ಮೀರಿಸುವ ನಗು. ಬದು ಮೇಸ್ತ್ರಿಯ ಶೆಡ್ಡಿಗೆ ಲೇತ್ ಕೆಲಸ ಕಲಿಯಲು ಬಂದ ದಿನ, "ಉಗುರು ಮುರಿದ್ರೆ ಅತ್ಕೊಂಡು ಮನೆಗೆ ಓಡ್ತಾಳೆ" ಎಂದಿದ್ದರು ಅಕ್ಕಪಕ್ಕದವರು. ಉಗುರು ಮುರಿಯಿತು, ನಗು ಇನ್ನೂ ಜೋರಾಯಿತು. ಆದರೆ ಜೊತೆಗೆ ಸೇರಿದ ಗಂಡುಗಳೆಲ್ಲ ಬಿಡುಗಡೆ ಪಡೆದು ಸ್ವಂತ ಶೆಡ್ಡು ಹಾಕಿಕೊಂಡರೂ ಇವಳಿಗೆ ಮಾತ್ರ ಮೇಸ್ತ್ರಿ ಬಿಡುಗಡೆ ಕೊಟ್ಟಿರಲಿಲ್ಲ. ಗುರು ನಾಲ್ಕು ಜನರ ಮುಂದೆ 'ಬಿಟ್ಟೆ' ಎನ್ನುವ ತನಕ ಮ್ಯಾಗಜೀನಿನಲ್ಲಿ ಎಂಥ ಪಳಗಿದ ಕೈಯೂ ಶಿಷ್ಯರ ಕೈಯೇ. ತಾನೇ ಬೋರ್ಡು ಬರೆಸಿಕೊಂಡರೆ ಗಿರಾಕಿ ಇರಲಿ, ನೊಣವೂ ಸುಳಿಯುವುದಿಲ್ಲ.

ಕೊನೆಗೆ ಇವಳೇ ಪಂಥ ಕಟ್ಟಿದಳು. ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಸಿಎನ್‌ಸಿ ಮಷೀನನ್ನು ಗುಜರಿಯಿಂದಲೇ ಕಟ್ಟುತ್ತೇನೆಂದಳು.

"ಅಲ್ಯೂಮಿನಿಯಂ ಮೇಲೆ ಅದು ನಡುಗದೆ ಒಂದು ಗೆರೆ ಕೊರೀಲಿ, ಅವತ್ತೇ ಬಿಡುಗಡೆ," ಎಂದ ಮೇಸ್ತ್ರಿ. "ನಡುಗಿತೋ, ಇನ್ನೊಂದು ವರ್ಷ ನನ್ನ ಶೆಡ್ಡು ಗುಡಿಸ್ಬೇಕು."

ಚೌಕಟ್ಟು ಸಿಕ್ಕಿತು, ಮೋಟಾರು ಸಿಕ್ಕಿತು. ಕೊರೆಯುವ ತಲೆ ಅತ್ತಿತ್ತ ಓಡಲು ಹಳಿ ಬೇಕಿತ್ತು. ಗುರು ಶಿಷ್ಯೆ ಇಬ್ಬರೂ ಹಾಜಿಯಾ ಲಾರಿಬಾಳ ಗುಜರಿ ಅಂಗಳಕ್ಕೆ ಹೋದರು. ಮೇಸ್ತ್ರಿ ಸೀದಾ ಎರಡು ದುಂಡು ಸರಳುಗಳನ್ನು ತಬ್ಬಿಕೊಂಡ. ಕ್ರೋಮ್ ಹೊಳಪು ಎಷ್ಟಿತ್ತೆಂದರೆ ಅದರಲ್ಲೇ ಮೀಸೆ ತಿದ್ದಿಕೊಂಡ.

"ಬೆಳ್ಳಗಿರೋದೆಲ್ಲ ಹಾಲಲ್ಲ, ಮೇಸ್ತ್ರಿ," ಎಂದಳು ಅಫ್ರಕೋಮಾ. "ಇದಕ್ಕೆ ಎರಡು ತುದಿಯಲ್ಲಿ ಮಾತ್ರ ಆಧಾರ. ತಲೆ ಭಾರ ಬಿದ್ರೆ ನಡು ಬಗ್ಗುತ್ತೆ."

ಅವಳು ರಾಶಿಯ ಅಡಿಯಿಂದ ಎಳೆದದ್ದು ಚೌಕ ಹಳಿಗಳ ಜೋಡಿ. ಯಾವುದೋ ಮುದ್ರಣ ಯಂತ್ರದ್ದು; ಮೈತುಂಬ ಕರಿ ಗ್ರೀಸು. ಗ್ರೀಸು ಒರೆಸಿ ಉಗುರಾಡಿಸಿದಳು, ತುಕ್ಕಿನ ಗುಳಿ ತಗುಲಲಿಲ್ಲ. ಮೇಲೆ ಕೂತ ಬೇರಿಂಗನ್ನು ಅಲುಗಿಸಿದಳು, ಕದಲಲಿಲ್ಲ. ತಳ್ಳಿದಳು, ಸೊಯ್ಯೆಂದು ಜಾರಿತು. ಅವಳು ಅಲ್ಲೇ ಒಂದು ಸುತ್ತು ಕುಣಿದಳು.

"ಕೋಳಿಕಾಲಿನಷ್ಟು ದಪ್ಪ ಇಲ್ಲ!" ಎಂದ ಮೇಸ್ತ್ರಿ.

"ಉದ್ದಕ್ಕೂ ಕಬ್ಬಿಣದ ಮೇಲೆ ಕೂರುತ್ತೆ, ಎಲ್ಲಿ ಬಗ್ಗಬೇಕು? ಕೆಳಗಿನ ನೆಲ ಮಾತ್ರ ಸಪಾಟಾಗಿರ್ಬೇಕು."

"ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ!"

"ನಮ್ಮ ಚೌಕಟ್ಟಿನ ನೆಲ ನಿಜವಾಗ್ಲೂ ಡೊಂಕೇ. ನಾನು ಕೆರೆದು ಸಪಾಟು ಮಾಡ್ತೀನಿ."

"ನೋಡೋಣ ಕೊಡು," ಎಂದು ಮೇಸ್ತ್ರಿ ಬೇರಿಂಗನ್ನು ಬಳೆ ಕಳಚಿದಂತೆ ಹಳಿಯ ತುದಿಯಿಂದ ಹೊರಗೆ ಎಳೆದೇಬಿಟ್ಟ. ಸಾಸಿವೆ ಚೀಲ ಒಡೆದ ಹಾಗೆ ಒಳಗಿನ ಗುಂಡುಗಳೆಲ್ಲ ಜರ್ರನೆ ಮಣ್ಣಿಗೆ ಸುರಿದವು.

ಅಂಗಳಕ್ಕೆ ಅಂಗಳವೇ ಮೊಣಕಾಲೂರಿತು. ಮೇಸ್ತ್ರಿ ಬೆವರುತ್ತ ಒಡೆದ ಸ್ಪೀಕರಿನ ಅಯಸ್ಕಾಂತ ತಂದು ಆಡಿಸಿದ. ಮ್ಯಾಗಜೀನಿನ ಮಣ್ಣೆಂದರೆ ಮಣ್ಣೇ? ಮುಕ್ಕಾಲು ಪಾಲು ಕಬ್ಬಿಣದ ಪುಡಿ. ಅಯಸ್ಕಾಂತಕ್ಕೆ ಮೊಣಕೈಯುದ್ದ ಗಡ್ಡ ಬೆಳೆಯಿತೇ ಹೊರತು ಒಂದು ಗುಂಡೂ ಕಾಣಲಿಲ್ಲ.

"ಬದು, ನಿಂಗೆ ಇಲ್ದಿರೋ ಗಡ್ಡ ಅದಕ್ಕಾದ್ರೂ ಬಂತಲ್ಲ!" ಎಂದು ಹಾಜಿಯಾ ಹೊಟ್ಟೆ ಹಿಡಿದುಕೊಂಡಳು.

ಅಫ್ರಕೋಮಾಗೆ ಅಳು ಬರುವಂತಾಗಿತ್ತು, ಬಂದದ್ದು ನಗು. ಗಾರಿ ಎಂಬ ಮರಗೆಣಸಿನ ರವೆ ಮಾರುವವಳ ಜರಡಿ ಬೇಡಿ ತಂದಳು, ಮಣ್ಣನ್ನು ಬಾಚಿ ಸೀಮೆಎಣ್ಣೆಯಲ್ಲಿ ಜಾಲಿಸಿದಳು. ಪುಡಿ ಇಳಿದುಹೋಯಿತು, ಗುಂಡುಗಳು ಮಿನುಗುತ್ತ ಜರಡಿಯಲ್ಲೇ ನಿಂತವು. ಒಂದೊಂದನ್ನೂ ಗ್ರೀಸಿನಲ್ಲಿ ಅಂಟಿಸಿ ಒಳಗೆ ಕೂರಿಸುವಷ್ಟರಲ್ಲಿ ಹೊತ್ತು ಇಳಿದಿತ್ತು. ಮೇಸ್ತ್ರಿ ಸದ್ದಿಲ್ಲದೆ ಅವಳಿಗೆ ಮೆಕ್ಕೆಜೋಳದ ಕಡುಬು ಕೆಂಕೆ, ಹುರಿದ ಮೀನು ತಂದುಕೊಟ್ಟ. ಜರಡಿಯವಳಿಗೆ ಹೊಸ ಜರಡಿಯನ್ನೂ ಅವನೇ ಕೊಡಿಸಬೇಕಾಯಿತು.

ಪರೀಕ್ಷೆಯ ದಿನ ಶೆಡ್ಡಿನ ಮುಂದೆ ಜಾತ್ರೆ. ಅಫ್ರಕೋಮಾ ಗುಂಡಿ ಒತ್ತಿದಳು. ಕೊರೆಯುವ ತಲೆ ಇಳಿದು ಅಲ್ಯೂಮಿನಿಯಂ ಮುಟ್ಟಿ ಗುಂಯ್ ಎಂದಿತು. ಅವಳ ಎದೆ ನಡುಗುತ್ತಿತ್ತು, ಮಷೀನು ನಡುಗಲಿಲ್ಲ. ಮೇಸ್ತ್ರಿ ಗೆರೆಯನ್ನು ಕಣ್ಣಿಗೆ ಹಿಡಿದ, ಹೆಬ್ಬೆರಳಲ್ಲಿ ಸವರಿದ, ಸೀದಾ ಒಳಗೆ ಹೋದ. ಹಿಂದಿರುಗಿದಾಗ ಕೈಯಲ್ಲಿ ಪೌಡರ್ ಡಬ್ಬಿ. ಮ್ಯಾಗಜೀನಿನಲ್ಲಿ ಬಿಡುಗಡೆಯೆಂದರೆ ಶಿಷ್ಯರ ತಲೆಗೆ ಪೌಡರು!

"ಬಿಟ್ಟೆ!" ಎಂದು ಅವಳ ತಲೆಯ ಮೇಲೆ ಅರ್ಧ ಡಬ್ಬಿ ಸುರಿದ. ಜನ ಕೇಕೆ ಹಾಕಿದರು. ಬೆಳ್ಳಗಾದ ಮುಖದಲ್ಲಿ ಹಲ್ಲೂ ಕಣ್ಣೀರೂ ಒಟ್ಟಿಗೆ ಕಂಡವು. ಮೇಸ್ತ್ರಿಗೆ ಅಷ್ಟಕ್ಕೇ ಹುಚ್ಚು ಇಳಿಯಲಿಲ್ಲ. "ಇದಕ್ಕೂ ಬಿಡುಗಡೆ!" ಎಂದು ಮಷೀನಿನ ಕಡೆ ಡಬ್ಬಿ ಎತ್ತಿದ.

"ಏಯ್! ಹಳಿ ಮೇಲೆ ಧೂಳು ಹಾಕಿದ್ರೆ ಕೈ ಮುರೀತೀನಿ!"

ಬಲಗೈ ತುಂಬ ಎಣ್ಣೆ ಬಟ್ಟೆ. ಅವಳು ಡಬ್ಬಿ ಕಸಿದದ್ದು ಎಡಗೈಯಲ್ಲಿ. ಗುರುವಿನ ಕೈಯಿಂದ, ಎಡಗೈಯಲ್ಲಿ! ಕ್ಷಮಿಸಿ ಎಂದೂ ಅನ್ನಲಿಲ್ಲ. ಕೇಕೆ ಹಾಕುತ್ತಿದ್ದವರ ಬಾಯಿ ತೆರೆದಂತೆಯೇ ನಿಂತಿತು. ಅಫ್ರಕೋಮಾ ತನ್ನ ಕೈಯನ್ನು ತಾನೇ ನೋಡಿಕೊಂಡು ಕಲ್ಲಾದಳು.

ಬದು ಮೇಸ್ತ್ರಿ ಒಂದು ಹೆಜ್ಜೆ ಹಿಂದೆ ಸರಿದ. ತಲೆಯ ಟೋಪಿ ತೆಗೆದು ಅದಕ್ಕೆ ಅಂಟಿದ್ದ ಪೌಡರನ್ನು ಹಳಿಗೆ ತಾಗದಷ್ಟು ದೂರದಲ್ಲಿ ಕೊಡವಿದ.

"ತಪ್ಪಾಯ್ತು, ಮೇಸ್ತ್ರಿ," ಎಂದ ಅವಳಿಗೆ.