ಗಾಜಿನಕ್ಕನ ಕೂಗು

ಹೆಣ್ಣುಮಕ್ಕಳ ಆ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಒಂದು ಬೀಕರ್ ಒಡೆದರೆ ಎರಡು ಸದ್ದು ಕೇಳುತ್ತಿದ್ದವು. ಮೊದಲನೆಯದು ಗಾಜಿನದು, ಸಣ್ಣದು. ಎರಡನೆಯದು ಗಾಜಿನಕ್ಕನದು. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ! ಯಾರೇ ಅದು ದೊಣ್ಣೆ?" ಎಂದು ಅವಳು ಸಾಮಾನಿನ ಕೋಣೆಯಿಂದ ಕೂಗಿದರೆ ಮೇಲಿನ ಮಹಡಿಯಲ್ಲಿ ಗಣಿತದ ಪಾಠ ನಿಂತುಹೋಗುತ್ತಿತ್ತು. ಹೊಸದಾಗಿ ಬಂದ ಪ್ರಿನ್ಸಿಪಾಲರು ಒಮ್ಮೆ ಎಲ್ಲೋ ಬೆಂಕಿ ಬಿದ್ದಿದೆಯೆಂದು ಮರಳಿನ ಬಕೆಟ್ ಎತ್ತಿಕೊಂಡು ಓಡಿ ಬಂದಿದ್ದರು. ಕೂಗಿದ್ದು ಮನುಷ್ಯರೇ ಎಂದು ಅವರಿಗೆ ಮನವರಿಕೆ ಮಾಡಿಸುವುದೇ ಕಷ್ಟವಾಯಿತು.

ಗಾಜಿನಕ್ಕ ಲ್ಯಾಬಿನ ಅಟೆಂಡರ್. ಅಪ್ಪ ಚರಂಡಿ ಬಳಿಯುತ್ತಿದ್ದವರು, ಇವಳ ಓದು ಏಳನೇ ತರಗತಿಗೆ ನಿಂತಿತ್ತು. ಇಪ್ಪತ್ತೆಂಟು ವರ್ಷಗಳ ಹಿಂದೆ ಪೊರಕೆ ಹಿಡಿದು ಒಳಗೆ ಬಂದವಳು, ಗುಡಿಸುತ್ತ ಗುಡಿಸುತ್ತಲೇ ಕೆಮಿಸ್ಟ್ರಿಯನ್ನು ಕಿವಿಗೆ ಹಾಕಿಕೊಂಡಳು. ಈಗ ಬಾಗಿಲಲ್ಲಿ ನಿಂತು ಫ್ಲಾಸ್ಕಿನ ಬಣ್ಣ ನೋಡಿಯೇ, "ಎರಡು ಹನಿ ಜಾಸ್ತಿ ಸುರಿದೆ, ಚೆಲ್ಲು, ಮತ್ತೆ ಮಾಡು" ಎನ್ನುತ್ತಾಳೆ. ವಿಭಾಗದ ಮುಖ್ಯಸ್ಥರಾದ ಮೇಷ್ಟ್ರು ಅವಳ ಮಾತನ್ನು ಎಲ್ಲರೆದುರು ಒಪ್ಪುವುದಿಲ್ಲ. ಅನುಮಾನ ಬಂದಾಗ ಮಾತ್ರ ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುತ್ತಾರೆ.

ಅವಳ ಕಣ್ಣಿಗೆ ಬಣ್ಣದ ಜೊತೆಗೆ ಇನ್ನೊಂದೂ ಬೀಳುತ್ತಿತ್ತು. ಒಂದೊಂದು ಮೇಜಿಗೆ ನಾಲ್ಕು ಹುಡುಗಿಯರು. ಗಂಟೆ ಹೊಡೆದ ತಕ್ಷಣ ಧೈರ್ಯಸ್ಥರು ಹನಿ ಬಿಡುವ ಗಾಜಿನ ಕೊಳವೆಗೆ, ಬ್ಯುರೆಟ್ಟಿಗೆ, ಕೈ ಹಾಕುತ್ತಾರೆ. ಗಾಜಿನಕ್ಕನಂಥವರ ಕೇರಿಗಳಿಂದ ಬಂದವಳು ಹಿಂದೆ ನಿಂತು ಅವರು ಹೇಳಿದ ರೀಡಿಂಗ್ ಬರೆದುಕೊಳ್ಳುತ್ತಾಳೆ. "ಮೂರು ವರ್ಷ ಹಿಂಗೇ ಆದ್ರೆ ಮುಂದಿದ್ದವಳಿಗೆ ಕೈ ಪಳಗುತ್ತೆ, ಇವಳಿಗೆ ಬರೆದು ಬರೆದು ಬೆರಳು ನೋಯುತ್ತೆ, ಅಷ್ಟೇ" ಎಂದು ಬೈಯುತ್ತ ಗಾಜಿನಕ್ಕ ಹಿಂದಿನವರ ಭುಜ ಹಿಡಿದು ಮುಂದೆ ನೂಕುತ್ತಿದ್ದಳು. ಹೀಗೆ ನೂಕಿಸಿಕೊಂಡ ಹದಿನಾಲ್ಕು ಮಂದಿ ಇವತ್ತು ಔಷಧಿ ಕಾರ್ಖಾನೆಗಳಲ್ಲಿ, ಆಸ್ಪತ್ರೆಯ ಲ್ಯಾಬುಗಳಲ್ಲಿ ಇದ್ದಾರೆ. ಹದಿನಾಲ್ಕೂ ಹೆಸರನ್ನು ಅವಳು ಕೇಳದಿದ್ದವರಿಗೂ ಹೇಳುತ್ತಿದ್ದಳು.

ಎಷ್ಟು ನೂಕಿದರೂ ಮುಂದೆ ಹೋಗದವಳು ಒಬ್ಬಳೇ, ಮುತ್ತು. ಬೀದಿ ತಿರುವಿನಲ್ಲಿ ಬಟ್ಟೆ ಇಸ್ತ್ರಿ ಮಾಡುವವಳ ಮಗಳು, ಕೊನೆಯ ವರ್ಷದವಳು. ಪೋಣಿಸಿಟ್ಟ ಮುತ್ತಿನಂಥ ಅಕ್ಷರ ನೋಡಿ ಆ ಅಡ್ಡಹೆಸರು ಕೊಟ್ಟವರು ಮೇಷ್ಟ್ರೇ. ವಿಭಾಗದ ದಾಸ್ತಾನು ರಿಜಿಸ್ಟರನ್ನೂ ಅವಳ ಕೈಯಲ್ಲೇ ಬರೆಸುತ್ತಿದ್ದರು. ಪರೀಕ್ಷೆ ಮುಗಿದ ಮೇಲೆ ಆಫೀಸಿನಲ್ಲಿ ಬರೆಯುವ ಕೆಲಸ ಕೊಡಿಸುತ್ತೇನೆಂದು ಮಾತೂ ಕೊಟ್ಟಿದ್ದರು. ಫ್ಯಾನಿನ ಕೆಳಗೆ ಕೂತು ಮಾಡುವ ಕೆಲಸವೆಂದು ತಾಯಿ ಹಿರಿಹಿರಿ ಹಿಗ್ಗಿದ್ದಳು.

ಅಷ್ಟರಲ್ಲಿ ನೋಟಿಸು ಬಂತು. ಕುಡಿಯುವ ನೀರನ್ನು ಪರೀಕ್ಷಿಸುವ ದೊಡ್ಡ ಲ್ಯಾಬಿನವರು ಆರು ವಾರ ಬಿಟ್ಟು ಕಾಲೇಜಿಗೇ ಬರುತ್ತಾರೆ. ಒಬ್ಬಳನ್ನು ಟ್ರೈನಿಯಾಗಿ ಆರಿಸುತ್ತಾರೆ. ಮಾತಿನ ಪರೀಕ್ಷೆಯಿಲ್ಲ, ಕೈಯಿಂದ ಮಾಡಿ ತೋರಿಸಬೇಕು. ಪುಸ್ತಕದ ಕೆಮಿಸ್ಟ್ರಿಯಲ್ಲಿ ಮುತ್ತುವನ್ನು ಮೀರಿಸುವವರು ಇರಲಿಲ್ಲ. ಈ ಕೆಲಸ ಅವಳದ್ದೇ ಆಗಬೇಕೆಂದು ಗಾಜಿನಕ್ಕ ಹಟ ಹಿಡಿದಳು. ಆದರೆ ಹುಡುಗಿ ಗಾಜು ಮುಟ್ಟಬೇಕಲ್ಲ!

ಗಾಜಿನಕ್ಕ ಲ್ಯಾಬಿನ ಬಾಗಿಲಲ್ಲೇ ಅವಳ ಪೆನ್ನು ಕಿತ್ತುಕೊಂಡಳು. ಮುತ್ತು ಪಕ್ಕದವಳ ಪೆನ್ಸಿಲ್ ತೆಗೆದುಕೊಂಡು ಬರೆದಳು. ಪೆನ್ಸಿಲ್ಲೂ ಹೋಯಿತು. ಮರುದಿನ ಅವಳು ಮೂರೂ ಜನರ ರೀಡಿಂಗನ್ನು ಬಾಯಿಪಾಠ ಮಾಡಿಕೊಂಡು ಹೋಗಿ ಹೊರಗೆ ಕಿಟಕಿಯ ಕಟ್ಟೆಯ ಮೇಲೆ ಬರೆದಳು, ಒಂದು ಅಂಕಿಯೂ ತಪ್ಪಿರಲಿಲ್ಲ. ಗಾಜಿನಕ್ಕನ ಏಪ್ರನ್ ಜೇಬಿನಲ್ಲಿ ಒಂಬತ್ತು ಪೆನ್ನು ಸೇರಿದ್ದೊಂದೇ ಲಾಭ.

ಕೊನೆಗೆ ಸಿಂಕಿನ ಹತ್ತಿರ ಹಿಡಿದು ನಿಲ್ಲಿಸಿ ಕೇಳಿದಳು. "ಏನೇ ನಿನ್ನ ರೋಗ? ಬ್ಯುರೆಟ್ಟೇನು ಕಚ್ಚುತ್ತಾ?"

ಮುತ್ತು ನೆಲ ನೋಡಿದಳು. "ಫಸ್ಟ್ ಇಯರ್‌ನಲ್ಲಿ ಒಂದು ಪಿಪೆಟ್ ಒಡೆದಿದ್ದೆ ಅಕ್ಕಾ. ನೀವು ಕೂಗಿದ್ರಿ."

"ನಾನು ಎಲ್ಲರ ಮೇಲೂ ಕೂಗ್ತೀನಿ ಕಣೇ!"

"ಹೌದು. ಬೇರೆಯವರು ಆಮೇಲೆ ನಕ್ಕುಬಿಡ್ತಾರೆ. ನಂಗೆ ಆಗ್ಲಿಲ್ಲ. ಕಾಲೇಜೇ ಬೇಡ ಅಂತ ಮನೇಲಿ ಅತ್ತುಬಿಟ್ಟೆ. ಅಮ್ಮ ಹೇಳಿದ್ಲು, ಏನೂ ಮುಟ್ಟಬೇಡ, ದೂರ ನಿಂತ್ಕೊಂಡು ಓದು ಅಂತ."

ಮುಟ್ಟಬೇಡ, ದೂರ ನಿಂತ್ಕೋ. ಈ ಮಾತು ಕೇಳುತ್ತಲೇ ಗಾಜಿನಕ್ಕ ಬೆಳೆದವಳು. ಅವಳ ಜನ್ಮದ ಸಿಟ್ಟೆಲ್ಲ ಈ ಮಾತಿನ ಮೇಲೆಯೇ. ಈಗ ನೋಡಿದರೆ ಅದನ್ನು ಈ ಹುಡುಗಿಯ ಮನೆಗೆ ತಲುಪಿಸಿದವಳು ತಾನೇ! ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆ ದಿನದ ಕೂಗು ಅವಳಿಗೆ ನೆನಪೇ ಇರಲಿಲ್ಲ, ಅದು ಇನ್ನಷ್ಟು ಚುಚ್ಚಿತು. ಮನೆಗೆ ಹೋದರೆ ಊಟ ಸೇರಲಿಲ್ಲ. ಗಂಡ ಏನಾಯಿತೆಂದು ಕೇಳಿದ್ದಕ್ಕೆ ಸುಮ್ಮನಿದ್ದಳು. ಇಷ್ಟು ವರ್ಷದ ಸಂಸಾರದಲ್ಲಿ ಮೊದಲ ಸಲ ಅವಳು ಸುಮ್ಮನಿದ್ದದ್ದು ಕಂಡು ಆತ ಹೆದರಿ ಥರ್ಮಾಮೀಟರ್ ಹುಡುಕಿದ.

ಮರುದಿನ ಕಾಲೇಜಿನ ಗಂಟೆ ಹೊಡೆಯುವ ಮೊದಲೇ ಮುತ್ತುವನ್ನು ಕರೆಸಿದಳು. ಡಬ್ಬಿಯಿಂದ ಹೊಸ ಪಿಪೆಟ್ ತೆಗೆದು, ಅವಳ ಕಣ್ಣೆದುರಿಗೆ ಎತ್ತಿಹಿಡಿದು, ಕೈಬಿಟ್ಟಳು. ಅದು ಚೂರುಚೂರಾಯಿತು.

"ಈಗ ಕೂಗು ನನ್ನ ಮೇಲೆ. ಬಾಯಿಗೆ ಬಂದಂಗೆ ಬೈ."

ಮುತ್ತು ಗಾಬರಿಯಿಂದ ಮುಂದೆ ಬಂದು ಅವಳ ಕೈ ಹಿಡಿದು ತಿರುಗಿಸಿ ನೋಡಿದಳು. "ಅಕ್ಕಾ, ಗಾಜು ಚುಚ್ಚಲಿಲ್ವಲ್ಲ?"

ಗಾಜಿನಕ್ಕ ನೆಲದ ಮೇಲಿನ ಚೂರುಗಳನ್ನು ನೋಡಿದಳು. ಎಷ್ಟು ಸಾವಿರ ಗಾಜು ಒಡೆದಿರಬಹುದು ಈ ಕೋಣೆಯಲ್ಲಿ? ಒಬ್ಬಳ ಕೈಯನ್ನೂ ತಾನು ಹೀಗೆ ನೋಡಿರಲಿಲ್ಲ. "ತಪ್ಪಾಯ್ತು ಕಣೇ ಮಗಳೇ" ಎಂದಳು. ಕಣ್ಣಲ್ಲಿ ನೀರು ಬಂತು. ಅದನ್ನು ಯಾರೂ ನೋಡಬಾರದೆಂದು ತಕ್ಷಣ ಗದರಿದಳು. "ಇನ್ನೂ ನನ್ನ ಮುಖ ನೋಡ್ತಿದೀಯಲ್ಲ, ಪೊರಕೆ ತಗೊಂಬಾ!"

ಅಂದಿನಿಂದ ದಿನಾ ಬೆಳಗ್ಗೆ ಒಂದು ಗಂಟೆ ಅಭ್ಯಾಸ. ನೀರಿನ ಗಡಸುತನ ಅಳೆಯುವ ಪ್ರಯೋಗ. ಬ್ಯುರೆಟ್ಟಿನಿಂದ ಹನಿಹನಿಯಾಗಿ ಬಿಡಬೇಕು, ಫ್ಲಾಸ್ಕಿನ ಕೆಂಪು ನೀಲಿಗೆ ತಿರುಗುವ ಆ ಹನಿಗೇ ನಿಲ್ಲಿಸಬೇಕು. ಮೊದಲ ವಾರ ಏಳು ಸಾಮಾನು ಒಡೆದವು. ಒಂದೊಂದಕ್ಕೂ ಗಾಜಿನಕ್ಕ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು, ಮುಚ್ಚಳ ಬಿಗಿದ ಪಾತ್ರೆಯಂತೆ ಒಳಗೊಳಗೇ ಕುದಿದಳು. ಎರಡನೇ ವಾರ ಎರಡು ಒಡೆದವು. ಆಮೇಲೆ ಒಂದೂ ಒಡೆಯಲಿಲ್ಲ.

ನೀರಿನ ಲ್ಯಾಬಿನವರ ಪರೀಕ್ಷೆಯ ದಿನ ಮೂವರು ಹುಡುಗಿಯರು, ಮೂರು ಮೇಜು. ಬಂದಿದ್ದ ಅಧಿಕಾರಿಣಿ ಮೂರು ಬಾಟಲಿಗಳಲ್ಲಿ ಒಂದೇ ನೀರು ಕೊಟ್ಟು, ಸರಿಯಾದ ಉತ್ತರವಿದ್ದ ಲಕೋಟೆಯನ್ನು ತಮ್ಮ ಮುಂದೆ ಇಟ್ಟುಕೊಂಡರು. "ಮುಗಿಯೋವರೆಗೂ ಯಾರೂ ಮಾತಾಡೋ ಹಾಗಿಲ್ಲ" ಎಂದರು. ಮೇಷ್ಟ್ರು ತಿರುಗಿ ಗಾಜಿನಕ್ಕನನ್ನು ನೋಡಿದರು.

ಮೊದಲಿಬ್ಬರು ಬೇಗ ಮುಗಿಸಿದರು. ಇಬ್ಬರ ಉತ್ತರವೂ ಹದಿನಾಲ್ಕು ಪಾಯಿಂಟ್ ಎರಡು ಮಿಲಿಲೀಟರ್. ಮುತ್ತು ಮೂರು ಸಲ ಮಾಡಿ ಹನ್ನೆರಡು ಪಾಯಿಂಟ್ ಆರು ಎಂದು ಬರೆದಳು. ಮೇಷ್ಟ್ರು ಅದನ್ನು ಇಣುಕಿ ನೋಡಿದರು. ಮಾತಾಡಬಾರದೆಂಬುದನ್ನು ಮರೆತು ಅವಳ ಮೇಜಿನ ಹತ್ತಿರ ಬಾಗಿ ಪಿಸುಗುಟ್ಟಿದರು. "ಅವರಿಬ್ಬರದೂ ಒಂದೇ ಬಂದಿದೆ ಕಣಮ್ಮಾ. ನಿಂದು ಎಲ್ಲೋ ತಪ್ಪಿದೆ. ಹೊಡೆದುಹಾಕಿ ಹದಿನಾಲ್ಕು ಪಾಯಿಂಟ್ ಎರಡು ಅಂತ ಬರೆದುಬಿಡು."

ಕೈಯಲ್ಲಿ ನೀರಿನ ಬಾಟಲಿ ಹಿಡಿದು ಪಕ್ಕದಲ್ಲೇ ನಿಂತಿದ್ದ ಗಾಜಿನಕ್ಕನಿಗೆ ಎಲ್ಲವೂ ಕೇಳಿಸಿತು. ಕೂಗು ಗಂಟಲಿಗೆ ಬಂದು ನಿಂತಿತು. ಕೂಗಿದರೆ ಹುಡುಗಿಯನ್ನು ಪರೀಕ್ಷೆಯಿಂದಲೇ ಹೊರಗೆ ಹಾಕುತ್ತಾರೆ. ಸುಮ್ಮನಿದ್ದರೆ, ಹೇಳಿದ್ದನ್ನು ಬರೆದೇ ಅಭ್ಯಾಸವಾದ ಮಗು ಇದನ್ನೂ ಬರೆದುಬಿಡುತ್ತದೆ. ಅವಳು ಏಪ್ರನ್ನಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು.

ಮುತ್ತು ಪೆನ್ನು ಎತ್ತಿಕೊಂಡಳು. ಒಂದು ಗಳಿಗೆ ಕಾಗದ ನೋಡಿದಳು. ಆಮೇಲೆ ಪೆನ್ನಿಗೆ ಟೋಪಿ ಹಾಕಿ ಕೆಳಗಿಟ್ಟಳು.

"ಇಲ್ಲ ಸರ್," ಎಂದಳು. ಪಿಸುಮಾತಲ್ಲ, ಇಡೀ ಕೋಣೆಗೆ ಕೇಳುವಷ್ಟು ಜೋರಾಗಿ. "ಅವರದು ಅವರು ಮಾಡಿದ್ದು. ಇದು ನಾನು ಮಾಡಿದ್ದು, ನನ್ನ ಕಣ್ಣಲ್ಲಿ ನೋಡಿದ್ದು. ತಪ್ಪಾದ್ರೆ ನಂದೇ ತಪ್ಪು ಆಗ್ಲಿ."

ಅಧಿಕಾರಿಣಿ ಎದ್ದು ಬಂದರು. ಮೂರೂ ಫ್ಲಾಸ್ಕುಗಳನ್ನು ಬೆಳಕಿಗೆ ಹಿಡಿದು ನೋಡಿ ಲಕೋಟೆ ಒಡೆದರು. ಹನ್ನೆರಡು ಪಾಯಿಂಟ್ ಆರು. ಉಳಿದಿಬ್ಬರಲ್ಲಿ ಒಬ್ಬಳು ಹನಿ ಜಾಸ್ತಿ ಸುರಿದಿದ್ದಳು, ಇನ್ನೊಬ್ಬಳು ತನ್ನ ಫ್ಲಾಸ್ಕು ಇನ್ನೂ ಕೆಂಪಾಗಿರುವಾಗಲೇ ಅವಳ ಕಾಗದ ನೋಡಿ ಬರೆದಿದ್ದಳು. "ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಬಾಮ್ಮ" ಎಂದು ಮುತ್ತುವಿಗೆ ಹೇಳಿ ಅಧಿಕಾರಿಣಿ ಚೀಲ ಕಟ್ಟಿಕೊಂಡರು. ಮುತ್ತು ಬ್ಯುರೆಟ್ಟನ್ನು ಕೂಡ ತೊಳೆಯದೆ ತಾಯಿಗೆ ಹೇಳಲು ಇಸ್ತ್ರಿ ಅಂಗಡಿಗೆ ಓಡಿದಳು.

ಖಾಲಿಯಾದ ಲ್ಯಾಬಿನಲ್ಲಿ ಮೇಷ್ಟ್ರು ಕುರ್ಚಿಯ ಮೇಲೆ ಕುಸಿದರು. ಮುಖ ಸಣ್ಣದಾಗಿತ್ತು. "ನೋಡಮ್ಮಾ, ನಾನು ಅವಳ ಒಳ್ಳೇದಕ್ಕೇ ಹೇಳಿದ್ದು."

ಗಾಜಿನಕ್ಕ ಆ ಬ್ಯುರೆಟ್ಟನ್ನು ನಲ್ಲಿಯ ಕೆಳಗೆ ಹಿಡಿದಿದ್ದಳು. ಇಡೀ ದಿನ ಬಾಯಿ ಕಟ್ಟಿದ್ದಕ್ಕೋ ಏನೋ, ದನಿ ತೀರ ತಗ್ಗಿತ್ತು.

"ಇಪ್ಪತ್ತೆಂಟು ವರ್ಷ ನಾನು ಕೂಗಿದ್ದೂ ಒಳ್ಳೇದಕ್ಕೇ ಸಾರ್."