ಹದದಣ್ಣನ ನಾಲಿಗೆ

ಬಸ್ ಡಿಪೋದ ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ಆ ಮನುಷ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇರಬೇಕು. ಆದರೆ ಸಂಬಳದ ದಿನ ಬಿಟ್ಟರೆ ಅದನ್ನು ಯಾರೂ ಕೂಗಿದ್ದಿಲ್ಲ. ಡ್ರೈವರುಗಳಿಗೂ ಕಂಡಕ್ಟರುಗಳಿಗೂ ಅವನು ಹದದಣ್ಣ. ಅಳತೆಯ ಲೋಟ, ಚಮಚ ಇವನ್ನೆಲ್ಲ ಅವನು ಮುಟ್ಟುತ್ತಿರಲಿಲ್ಲ. ಉಪ್ಪಿನ ಡಬ್ಬಕ್ಕೆ ಕೈ ಹಾಕಿ, ಒಂದು ಹಿಡಿ ತೆಗೆದು, ಎದೆಯೆತ್ತರದಿಂದ ಪಾತ್ರೆಯೊಳಕ್ಕೆ ಬೀಸಿ ಬಿಡುತ್ತಿದ್ದ. ಆಮೇಲೆ ಸೌಟಿನಿಂದ ಒಂದು ಹನಿಯನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿ, ಕಣ್ಣು ಮುಚ್ಚಿ, "ಹೂಂ, ಹದ ಬಂತು" ಅನ್ನುತ್ತಿದ್ದ. ಆ ಹೂಂ ಬೀಳುವವರೆಗೆ ಒಂದು ತಟ್ಟೆಯೂ ಕಿಟಕಿ ದಾಟುವಂತಿರಲಿಲ್ಲ. ರುಚಿ ನೋಡುವ ಅಧಿಕಾರ ಅವನೊಬ್ಬನದೇ. ಪಾತ್ರೆ ತೊಳೆಯುವ ಅಕ್ಕ ಒಮ್ಮೆ ಸೌಟಿಗೆ ಬೆರಳು ತಾಗಿಸಿ ನೆಕ್ಕಿದ್ದಕ್ಕೆ ಅವಳ ಜೊತೆ ವಾರಗಟ್ಟಲೆ ಮಾತು ಬಿಟ್ಟಿದ್ದ ಮಹಾನುಭಾವ.

ಮನೆಯಲ್ಲಿ ಮಾತ್ರ ಒಲೆಯ ಹತ್ತಿರ ಸುಳಿದವನಲ್ಲ. "ಹೊರಗೆ ಬೇಯಿಸಿ ಬೇಯಿಸಿ ಸಾಕಾಗಿದೆ, ಮನೇಲಾದ್ರೂ ನಿನ್ನ ಕೈರುಚಿ ತಿಂತೀನಿ" ಎಂದು ಹೆಂಡತಿಗೆ ಹೇಳುತ್ತಿದ್ದ. ಹೇಳಿದವನೇ ತಟ್ಟೆಯ ಮುಂದೆ ಕೂತು, ಮೊದಲ ತುತ್ತಿಗೇ "ಸ್ವಲ್ಪ ಸಪ್ಪೆ ಕಣೇ" ಅನ್ನುತ್ತಿದ್ದ. ಸಿಟ್ಟಿಲ್ಲ, ಸೆಡವಿಲ್ಲ, ಕೆಮ್ಮು ಬಂದ ಹಾಗೆ ಬರುತ್ತಿದ್ದ ಮಾತು. ಕಿಟಕಿಯ ಪಕ್ಕ ಮೆಷಿನ್ ಹಾಕಿಕೊಂಡು ಶಾಲೆಯ ಮಕ್ಕಳ ಬಟ್ಟೆ ಹೊಲಿಯುವ ಹೆಂಡತಿ ಎದುರಾಡುವವಳಲ್ಲ. ಊರಿಗೆಲ್ಲ ಹದ ಹೇಳುವ ಗಂಡನೇ ಸಪ್ಪೆ ಅಂದಮೇಲೆ ಸಪ್ಪೆಯೇ ಇರಬೇಕು ಎಂದುಕೊಂಡು, ಮರುದಿನ ಒಂದು ಚಿಟಿಕೆ ಜಾಸ್ತಿ ಹಾಕುತ್ತಿದ್ದಳು. ಅದರ ಮರುದಿನವೂ ಅವನು ಸಪ್ಪೆ ಅನ್ನುತ್ತಿದ್ದ. ಸಂಸಾರ ಹೀಗೇ ಸಾಗಿತ್ತು.

ಒಂದು ಬೆಳಿಗ್ಗೆ ಮೆಷಿನ್ನಿನ ಮುಂದೆ ಕೂತವಳಿಗೆ ಸೂಜಿ ಎರಡೆರಡಾಗಿ ಕಂಡಿತು. ಎದ್ದರೆ ಗೋಡೆ ಹಿಡಿಯಬೇಕಾಯಿತು. ಹದದಣ್ಣ ಕ್ಯಾಂಟೀನಿನ ಏಪ್ರನ್ನಿನಲ್ಲೇ ಓಡಿ ಬಂದು ಅವಳನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದ.

"ಬಿಪಿ ಸಿಕ್ಕಾಪಟ್ಟೆ ಇದೆ. ಸಕ್ಕರೇನೂ ಏರ್ತಾ ಇದೆ" ಅಂದರು ಡಾಕ್ಟರಮ್ಮ. "ಮಾತ್ರೆ ಬರ್ಕೊಡ್ತೀನಿ, ಆದ್ರೆ ಮಾತ್ರೆ ಒಂದನ್ನೇ ನಂಬ್ಕೊಂಡು ಕೂತ್ರೆ ಆಗಲ್ಲ. ಉಪ್ಪು ಅರ್ಧಕ್ಕಿಂತ ಕೆಳಗೆ ಬರ್ಬೇಕು. ಅನ್ನ, ಬ್ರೆಡ್ಡು, ಆಲೂಗಡ್ಡೆ ಗುಡ್ಡೆ ಹಾಕ್ಕೊಂಡು ತಿನ್ನೋದು ನಿಲ್ಬೇಕು. ಅರ್ಧ ತಟ್ಟೆ ತರಕಾರಿ ಇರ್ಲಿ." ಆಮೇಲೆ ಗಂಡನ ಕಡೆ ತಿರುಗಿ ದನಿ ತಗ್ಗಿಸಿದರು. "ಹೀಗೇ ಬಿಟ್ರೆ ಕಿಡ್ನಿಗೆ ಹೊಡೆಯುತ್ತೋ, ಮೆದುಳಿಗೆ ಹೊಡೆಯುತ್ತೋ, ಹೇಳಕ್ಕಾಗಲ್ಲ ಯಜಮಾನ್ರೇ."

ಹೊರಗೆ ಬಂದು ರಸ್ತೆ ದಾಟುವಾಗ ಅವನು ಹೇಳಿದ, "ಇವತ್ತಿಂದ ಮನೆ ಅಡುಗೆ ನಂದು."

"ನೀವಾ?" ಅವಳಿಗೆ ತಲೆ ತಿರುಗುತ್ತಿದ್ದರೂ ನಗು ಬಂತು.

"ಯಾಕೆ, ಇಡೀ ಡಿಪೋಗೆ ಬೇಯಿಸಿ ಹಾಕೋನಿಗೆ ಇಬ್ಬರದ್ದೊಂದು ಲೆಕ್ಕನಾ?"

ಲೆಕ್ಕವೇ ಆಗಿತ್ತು. ಮೊದಲ ದಿನ ಅವನು ಮಾಡಿದ ಹುರುಳಿಕಾಯಿಯನ್ನು ಮೇಲಿನ ಮನೆಯವರು, ಕೆಳಗಿನ ಮನೆಯವರು, ಕೊನೆಗೆ ನೀರಿನ ಬಿಲ್ಲು ಕೊಡಲು ಬಂದವನೂ ತಿಂದು ಮುಗಿಸಬೇಕಾಯಿತು. ಬರಬರುತ್ತಾ ಕೈ ಸಣ್ಣದಾಯಿತು. ಅನ್ನ ಬಡಿಸುವುದು ಮಾತ್ರ ಅವನಿಗೆ ಸಂಕಟ. ತಟ್ಟೆಯಲ್ಲಿ ಅನ್ನ ಗುಡ್ಡೆಯಾಗಿ ಕೂರದಿದ್ದರೆ ಉಂಡವರ ಹೊಟ್ಟೆ ತುಂಬುವುದಿಲ್ಲ ಎಂದು ನಂಬಿ ಬದುಕಿದವನು. ಅದಕ್ಕೇ ದೊಡ್ಡ ತಟ್ಟೆಗಳನ್ನು ಅಟ್ಟಕ್ಕೆ ಹಾಕಿ, ಮಗಳು ಚಿಕ್ಕವಳಿದ್ದಾಗ ಉಣ್ಣುತ್ತಿದ್ದ ಸಣ್ಣ ತಟ್ಟೆಗಳನ್ನು ಇಳಿಸಿದ. ಒಂದೇ ಒಂದು ಸೌಟು ಅನ್ನ ಹಾಕಿ, ಸುತ್ತ ಸೊಪ್ಪು ಕಾಳು ತುಂಬಿ, ಕದ್ದವನ ಹಾಗೆ ಮುಖ ಆಚೆ ತಿರುಗಿಸುತ್ತಿದ್ದ.

ಇನ್ನು ಉಪ್ಪು. ಹಿಡಿ ಬಿಟ್ಟು ಮೂರು ಬೆರಳಿಗೆ ಇಳಿದಿದ್ದ, ಅದೇ ದೊಡ್ಡ ತ್ಯಾಗ ಅವನ ಪಾಲಿಗೆ. ಹಾಕಿ ರುಚಿ ನೋಡಿದರೆ ಬರೀ ನೀರು. "ಪಾಪ, ಇದನ್ನ ಹೇಗೆ ನುಂಗ್ತಾಳೋ" ಅಂದುಕೊಳ್ಳುತ್ತಿದ್ದ. ಇನ್ನೊಂದು ಚಿಟಿಕೆ ಬೀಳುತ್ತಿತ್ತು. ಅವಳು ತಲೆ ಬಗ್ಗಿಸಿ ಅಗುಳೂ ಬಿಡದೆ ಉಣ್ಣುತ್ತಿದ್ದಳು.

"ಹೇಗಿದೆಯೇ?"

"ಚೆನ್ನಾಗಿದೆ ರೀ."

ಉಂಡಾದ ಮೇಲೆ ಚೊಂಬಿನಷ್ಟು ನೀರು ಕುಡಿಯುತ್ತಿದ್ದಳು. ಮಾತ್ರೆಯ ಉಷ್ಣ ಇರಬೇಕು ಎಂದುಕೊಂಡು ಅವನೇ ಚೊಂಬು ತುಂಬಿಸಿ ಇಡುತ್ತಿದ್ದ.

ಮತ್ತೆ ತೋರಿಸಲು ಹೋದಾಗ ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ ನೋಡಿದರು, ಬಿಚ್ಚಿ ಇನ್ನೊಂದು ತೋಳಿಗೆ ಸುತ್ತಿ ನೋಡಿದರು. ಬಿಪಿ ಇಳಿಯುವುದಿರಲಿ, ಮೊದಲಿಗಿಂತ ಏರಿತ್ತು. "ಉಪ್ಪು ನಿಜವಾಗ್ಲೂ ಕಡಿಮೆ ಮಾಡಿದೀರಾ?"

"ನಾನೇ ಕೈಯಾರೆ ಮಾಡಿ ಹಾಕ್ತಿದೀನಿ ಡಾಕ್ಟ್ರೇ" ಅಂದ ಹದದಣ್ಣ. ಹೆಂಡತಿ ತೋಳಿನ ಮೇಲಿನ ಪಟ್ಟಿಯ ಗುರುತನ್ನು ಉಜ್ಜಿಕೊಳ್ಳುತ್ತಾ ಕೂತಿದ್ದಳು. ಮಾತ್ರೆ ಇನ್ನೊಂದು ಹೆಚ್ಚಾಯಿತು. ಅವತ್ತು ಅವನು ಮೊದಲ ಬಾರಿಗೆ ಹೊಲಿಗೆ ಮೆಷಿನ್ನಿನ ಸದ್ದಿಲ್ಲದ ಮನೆಯನ್ನು ನೆನೆದು ಹೆದರಿದ.

ಆ ಭಾನುವಾರ ಮಗಳು ಬಂದಳು. ಕನ್ನಡಕದ ಅಂಗಡಿಯಲ್ಲಿ ಕೆಲಸ, ಗಂಡನ ಮನೆ ಊರಿನ ಇನ್ನೊಂದು ತುದಿ. ಅಪ್ಪ ಅಡುಗೆ ಮಾಡುತ್ತಾನೆಂದರೆ ನೋಡಲೇಬೇಕು ಎಂದು ಬಂದವಳು ಅಮ್ಮನ ತಟ್ಟೆಯಿಂದಲೇ ಒಂದು ತುತ್ತು ತೆಗೆದು ಬಾಯಿಗಿಟ್ಟಳು. ಮುಖ ಕಿವುಚಿ, ಎದ್ದು ಹೋಗಿ ಉಗಿದು ಬಂದಳು.

"ಅಪ್ಪಾ, ಇದೇನು ಅಡುಗೆನಾ ಉಪ್ಪಿನಕಾಯಾ?"

"ಸುಮ್ನಿರೇ, ಚೆನ್ನಾಗೇ ಇದೆ" ಅಂದಳು ಅಮ್ಮ.

ಹದದಣ್ಣ ಮಗಳ ಕೈಯಿಂದ ತಟ್ಟೆ ತೆಗೆದುಕೊಂಡು ತಾನೇ ತಿಂದು ನೋಡಿದ. ಸಪ್ಪೆ. ಇನ್ನೊಂದು ತುತ್ತು, ಅದೂ ಸಪ್ಪೆ. ಮಗಳ ಮುಖ ನೋಡಿದರೆ ಅವಳು ತಮಾಷೆ ಮಾಡುತ್ತಿರಲಿಲ್ಲ. ಆಗ ಅವನಿಗೆ ಹೊಳೆಯಿತು. ವರ್ಷಾನುಗಟ್ಟಲೆ ಹನಿ ಹನಿ ನೆಕ್ಕಿ ನೆಕ್ಕಿ ಅವನ ನಾಲಿಗೆ ಜಡ್ಡುಗಟ್ಟಿ ಹೋಗಿತ್ತು.

"ನಿನಗೆ ಗೊತ್ತಿತ್ತಾ?" ಎಂದು ಹೆಂಡತಿಯನ್ನು ಕೇಳಿದ.

ಅವಳು ತೋಳಿಗೆ ಅಂಟಿದ್ದ ಒಂದು ದಾರದ ಎಳೆಯನ್ನು ಕಿತ್ತಳು. "ಮದುವೆಯಾದ ಮೇಲೆ ಮೊದಲ್ನೇ ಸಲ ನನಗೋಸ್ಕರ ಒಲೆ ಮುಂದೆ ನಿಂತಿದ್ರಿ. ಅದಕ್ಕೆ ಉಪ್ಪು ಜಾಸ್ತಿ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ಮತ್ತೆ ಮೊದಲು? ನೀನು ಮಾಡ್ತಿದ್ದಾಗ?"

"ನೀವು ಸಪ್ಪೆ ಅಂದಾಗೆಲ್ಲ ಒಂದೊಂದು ಚಿಟಿಕೆ ಏರಿಸ್ತಾ ಬಂದೆ. ಇರೋ ಇಬ್ಬರಿಗೆ ಬೇರೆ ಬೇರೆ ಪಾತ್ರೆ ಯಾರು ಇಡ್ತಾರೆ? ನೀವು ತಿಂದಿದ್ದೇ ನಾನೂ ತಿಂದೆ."

ಅವನು ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದ. ನಲ್ಲಿ ಬಿಟ್ಟುಕೊಂಡು ಅತ್ತ. ಡಾಕ್ಟರಮ್ಮ ಹೇಳಿದ ಕಾಯಿಲೆಯನ್ನು ತಾನೇ ಚಿಟಿಕೆ ಚಿಟಿಕೆಯಾಗಿ ಅವಳಿಗೆ ಉಣ್ಣಿಸಿದ್ದು ಎನ್ನುವುದನ್ನು ನುಂಗಲು ಅವನಿಗೆ ಆಗಲಿಲ್ಲ.

ಮಾರನೆಯ ದಿನ ಕ್ಯಾಂಟೀನಿನಲ್ಲಿ ಬೇಳೆ ಕುದಿಯುವಾಗ ಪಾತ್ರೆ ತೊಳೆಯುವ ಅಕ್ಕನನ್ನು ಕರೆದು ಸೌಟನ್ನು ಅವಳ ಕೈಗೆ ಕೊಟ್ಟ. "ರುಚಿ ನೋಡಿ ಹೇಳಕ್ಕ."

ಅಕ್ಕ ಸೌಟನ್ನೂ ಅವನನ್ನೂ ನೋಡಿದಳು. "ಬೈಯಲ್ಲ ತಾನೇ?"

"ಬೈಯಲ್ಲ."

ನೆಕ್ಕಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಉಪ್ಪು ಸುರಿದ ಹಾಗಿದೆ ಅಣ್ಣ. ಇವತ್ತು ನೆನ್ನೇದಲ್ಲ ಇದು. ಡ್ರೈವರುಗಳು ಜಗ್ಗುಗಟ್ಲೆ ನೀರು ಕುಡಿದು ಗಾಡಿ ಹತ್ತೋದು ಯಾಕೆ ಅಂದ್ಕೊಂಡಿದ್ರಿ?"

"ಇಷ್ಟು ದಿನ ಒಬ್ಬರಾದ್ರೂ ಹೇಳ್ಬಾರ್ದಿತ್ತಾ?"

"ನಿಮಗೆ ಹೇಳೋ ಅಷ್ಟು ದೊಡ್ಡೋರು ಇಲ್ಲಿ ಯಾರಿದಾರೆ ಬಿಡಿ" ಅಂದಳು ಅಕ್ಕ, ಸ್ವಲ್ಪ ಹಳೆಯ ಸೇಡೂ ತೀರಿಸಿಕೊಂಡು.

ಅವತ್ತಿನಿಂದ ರುಚಿ ನೋಡುವ ಅಧಿಕಾರ ಅಕ್ಕನದಾಯಿತು. ಅವಳು ತಲೆಯಾಡಿಸಿದರೆ ಮಾತ್ರ ತಟ್ಟೆ ಕಿಟಕಿ ದಾಟುತ್ತಿತ್ತು. "ಏನಣ್ಣ, ಕುರ್ಚಿ ಹೋಯ್ತಂತೆ?" ಎಂದು ಡ್ರೈವರುಗಳು ಕಾಲೆಳೆದರು. "ಹೋಯ್ತಪ್ಪ, ನಿಮಗೆ ನೀರು ಕುಡಿದೂ ಕುಡಿದೂ ದಾರೀಲಿ ಗಾಡಿ ನಿಲ್ಸೋದು ತಪ್ತಲ್ಲ" ಅಂದ. ನಗುತ್ತಲೇ ಅಂದ. ಆದರೆ ಅವನಿಗೆ ಇದ್ದ ಹೆಮ್ಮೆ ಅದೊಂದೇ.

ಮನೆಯ ಒಲೆ ಮತ್ತೆ ಹೆಂಡತಿಗೆ ಹೋಯಿತು. ಅವನು ತರಕಾರಿ ಹೆಚ್ಚಿಕೊಡುತ್ತಿದ್ದ. ಇಬ್ಬರಿಗೂ ಪಾತ್ರೆ ಒಂದೇ. ಉಪ್ಪಿನ ಡಬ್ಬಿ ಅಟ್ಟದ ಮೇಲೆ, ದೊಡ್ಡ ತಟ್ಟೆಗಳ ಪಕ್ಕ ಕೂತಿತು, ದಿನಕ್ಕೊಂದು ಚಿಟಿಕೆಗೆ ಮಾತ್ರ ಕೆಳಗಿಳಿಯುತ್ತಿತ್ತು. ಅವಳ ನಾಲಿಗೆಗೂ ಹಳೆಯ ಚಾಳಿ ಇತ್ತು, ಆದರೂ ಬೇಗ ಒಗ್ಗಿಕೊಂಡಳು. ನಿಂಬೆಹಣ್ಣು, ಮೆಣಸು, ಬೆಳ್ಳುಳ್ಳಿ, ಶುಂಠಿ ಏನು ಹಾಕಿದರೂ ಅವನಿಗೆ ಮಾತ್ರ ರಟ್ಟು ಅಗಿದಂತೆಯೇ. ಊಟಕ್ಕಿಂತ ಕಷ್ಟವಾದದ್ದು ಆ ಒಂದು ಮಾತನ್ನು ಬಿಡುವುದು. ಮೊದಲ ತುತ್ತಿಗೆ ತುದಿನಾಲಿಗೆಗೆ ಬರುತ್ತಿತ್ತು, ತುತ್ತಿನ ಜೊತೆ ಅದನ್ನೂ ನುಂಗಿ "ಹೂಂ, ಚೆನ್ನಾಗಿದೆ" ಅನ್ನುತ್ತಿದ್ದ.

"ಸುಳ್ಳು ಹೇಳೋಕೂ ಒಂದು ಹದ ಬೇಕು ರೀ" ಎಂದು ಅವಳು ನಗುತ್ತಿದ್ದಳು.

ಅವಳ ಬಿಪಿ ನಿಧಾನಕ್ಕೆ ಇಳಿಯಿತು. ಡಾಕ್ಟರಮ್ಮ ಒಂದು ಮಾತ್ರೆ ತೆಗೆದರು. ಸೂಜಿ ಒಂದಾಗಿಯೇ ಕಾಣುತ್ತಿದೆ ಎಂದು ಅವಳು ಹೇಳಿದ ದಿನ ಹದದಣ್ಣ ಯಾರಿಗೂ ಹೇಳದೆ ಕ್ಯಾಂಟೀನಿನಲ್ಲಿ ಎಲ್ಲರ ತಟ್ಟೆಗೂ ಒಂದೊಂದು ಮೊಟ್ಟೆ ಇಟ್ಟ. ತನ್ನ ನಾಲಿಗೆಯ ಆಸೆಯನ್ನು ಅವನು ಬಿಟ್ಟೇ ಬಿಟ್ಟಿದ್ದ. ಅವಳು ಉಳಿದಳಲ್ಲ, ನಾಲಿಗೆ ಹೋದರೆ ಹೋಗಲಿ ಎಂದುಕೊಂಡಿದ್ದ.

ಒಂದು ಸಂಜೆ ಸೊಪ್ಪು, ಕಾಳು, ಮೂಲೆಯಲ್ಲಿ ಇಷ್ಟೇ ಇಷ್ಟು ಅನ್ನ. ಮೊದಲ ತುತ್ತು ಬಾಯಿಗಿಟ್ಟವನು ಅಗಿಯುವುದನ್ನು ನಿಲ್ಲಿಸಿದ. ಅವಳು ನೋಡುತ್ತಲೇ ಇದ್ದಳು. ಹಳೆಯ ಅಭ್ಯಾಸದಂತೆ ಅವಳ ಕೈ ಉಪ್ಪಿನ ಡಬ್ಬಿ ಇರುತ್ತಿದ್ದ ಜಾಗಕ್ಕೆ ಹೋಯಿತು.

"ಸಪ್ಪೆನಾ?"

"ಅಲ್ಲ ಕಣೇ. ಇವತ್ತು ಉಪ್ಪು ಒಂದು ಚೂರು ಮುಂದಾಗಿದೆ."

ಅವಳು ಸೌಟು ಕೆಳಗಿಟ್ಟಳು. "ರೀ, ಇವತ್ತು ಉಪ್ಪು ಹಾಕೋದೇ ಮರೆತಿದೀನಿ."

ಅವನು ಇನ್ನೊಂದು ತುತ್ತು ತೆಗೆದುಕೊಂಡು ಕಣ್ಣು ಮುಚ್ಚಿದ. ಸೊಪ್ಪಿನ ಉಪ್ಪು ಅದು, ಸೊಪ್ಪಿನಲ್ಲೇ ಇರುವುದು. ಅದರ ಹಿಂದೆ ಕಾಳಿನ ಸಿಹಿ ಬಂತು, ಬೆಳ್ಳುಳ್ಳಿ ಬಂತು, ಅವಳು ಅದನ್ನು ಕೆಂಪಗೆ ಹುರಿದಿದ್ದೂ ಗೊತ್ತಾಯಿತು.

"ನಿನ್ನ ಕೈರುಚಿ ಹೀಗಿರುತ್ತೆ ಅಂತ ನನಗೆ ಗೊತ್ತೇ ಇರ್ಲಿಲ್ಲ" ಅಂದ.

ಅವಳು ಒಲೆಯ ಕಡೆ ತಿರುಗಿ, ಏನೂ ಇಲ್ಲದ ಪಾತ್ರೆಯೊಂದರ ಮುಚ್ಚಳ ತೆಗೆದು ಬಹಳ ಹೊತ್ತು ಒಳಗೆ ನೋಡಿದಳು. ಆಮೇಲೆ ಮೂಗು ಒರೆಸಿಕೊಂಡು, "ಇನ್ನೊಂದು ಚೂರು ಹಾಕ್ಲಾ?" ಅಂದಳು.

"ಸೊಪ್ಪು ಹಾಕು" ಎಂದು ಅವನು ತಟ್ಟೆ ಚಾಚಿದ. "ಅನ್ನ ಬೇಡ."